ಫ್ಲಾಪಿಗೆ ಎಳೆದ ವಿಭೂತಿ

ಪೂಜೆ ಮಾಡಿಯೇ ಕೆಟ್ಟವನು ನಾನು. ಹೇಳಿದರೆ ಜನ ನಗುತ್ತಾರೆ. ನಗಲಿ ಬಿಡಿ.

ಎಂಬತ್ತರ ದಶಕದ ಕೊನೆಗೆ ಇಳಕಲ್ಲಿನ ಒಂದು ಕಣ್ಣಿನ ದವಾಖಾನೆಯಲ್ಲಿ ಕಂಪ್ಯೂಟರ್ ನಡೆಸುವ ಕೆಲಸ ನನ್ನದು. ಹುಬ್ಬಳ್ಳಿಯಲ್ಲಿ ಮೂರು ತಿಂಗಳು ಕಲಿತು ಬಂದವನೆಂದು ಭಾರೀ ಗತ್ತು. ಚಪ್ಪಲಿ ಬಿಡದಿದ್ದರೆ ನಮ್ಮ ಡಾಕ್ಟರರನ್ನೂ ಆ ಕೋಣೆಗೆ ಬಿಡುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಸುತ್ತಲ ಹಳ್ಳಿಗಳ ಮುದುಕ ಮುದುಕಿಯರಿಗೆ ಪೊರೆಯ ಆಪರೇಷನ್ ಆಗಿತ್ತು. ಆಗೆಲ್ಲ ನಮ್ಮ ಕಡೆ ಕಣ್ಣೊಳಗೆ ಲೆನ್ಸ್ ಕೂರಿಸುತ್ತಿರಲಿಲ್ಲ. ಗಾಯ ಮಾಯ್ದ ಮೇಲೆ ನಂಬರ್ ತೆಗೆದು ದಪ್ಪ ಗಾಜಿನ ಚಸ್ಮಾ ಮಾಡಿಸಬೇಕು. ಅಲ್ಲಿಯತನಕ ಎದುರಿಗಿದ್ದವರು ಬರೀ ನೆರಳು. ಬೆಳಗಾವಿಯಿಂದ ಬಂದ ದೊಡ್ಡ ಡಾಕ್ಟರರು ಎಲ್ಲರ ನಂಬರ್ ತೆಗೆದು, ಚೀಟಿ ಬರೆದಿಟ್ಟು ಹೋದರು. ನಾನು ಅವನ್ನು ಕಂಪ್ಯೂಟರಿಗೆ ಹಾಕಿದೆ, ಫ್ಲಾಪಿಗಳಿಗೆ ಎರಡೆರಡು ನಕಲು ಇಳಿಸಿದೆ. ಇನ್ನು ಚೀಟಿ ಯಾಕೆಂದು, ಗುಳಿಗೆಯ ಪುಡಿಕೆ ಕಟ್ಟಲು ರದ್ದಿಯಾಗಲೆಂದು ಕಂಪೌಂಡರನಿಗೆ ಕೊಟ್ಟುಬಿಟ್ಟೆ. ಎಂಥ ಶಾಣ್ಯಾ ನಾನು!

ನಂಬರ್ ತೆಗೆದ ದಿನ ಮರೋಳದ ಮುದುಕಿಯೊಬ್ಬಳು ನನ್ನ ಕೈ ಹಿಡಿದುಕೊಂಡಿದ್ದಳು.

“ತಮ್ಮಾ, ಮೊಮ್ಮಗಳು ಬಾಣಂತನಕ್ಕ ಬಂದಾಳ. ದೀಪಾವಳಿ ಮುಗದ ಕೂಡ್ಲೇ ಸೊಲ್ಲಾಪುರಕ್ಕ ಹೊಕ್ಕಾಳ. ಕೂಸಿನ ಮಾರಿ ಒಮ್ಮೆರ ನೋಡಬೇಕಪಾ. ಅಷ್ಟ್ರಾಗ ಚಸ್ಮಾ ಬರ್ತೈತಿಲ್ಲೋ?”

“ನಾನ ತಂದು ಕೊಡ್ತೇನಿ ಆಯಿ, ಚಿಂತಿ ಬಿಡು” ಎಂದೆ.

ಚಸ್ಮಾದ ಅಂಗಡಿಗೆ ನಂಬರಿನ ಪಟ್ಟಿ ಕಳಿಸುವ ಮೊದಲೇ ಮಾನವಮಿ ಬಂತು. ಖಂಡೇಪೂಜೆಯ ದಿನ ಊರಲ್ಲಿ ಮಗ್ಗಕ್ಕೆ, ಲಾರಿಗೆ, ಹೊಲಿಗೆ ಮಷಿನಿಗೆ ಎಲ್ಲಕ್ಕೂ ಪೂಜೆ. ನನ್ನ ಕಂಪ್ಯೂಟರ್ ಏನು ಕಡಿಮೆಯೇ? ಅದಕ್ಕೆ ಚೆಂಡು ಹೂವಿನ ಸರ ಹಾಕಿದೆ. ನಕಲಿನ ಫ್ಲಾಪಿಗಳನ್ನು ಮಣೆಯ ಮೇಲೆ ಸಾಲಾಗಿ ಇಟ್ಟು ಒಂದೊಂದಕ್ಕೂ ಮೂರು ಬೆರಳಿನಿಂದ ಒದ್ದೆ ವಿಭೂತಿ ಎಳೆದೆ. ಕಾಯಿ ಒಡೆದು ಕೈ ಮುಗಿದೆ.

ನಾಲ್ಕು ದಿನ ಕಳೆದಿರಬಹುದು. ಕರೆಂಟು ಹೋಗಿ ಬಂದು, ಹೋಗಿ ಬಂದು, ಕಂಪ್ಯೂಟರ್ ಏಳಲೇ ಇಲ್ಲ. ಹುಬ್ಬಳ್ಳಿಯ ಇಂಜಿನಿಯರಿಗೆ ಟ್ರಂಕ್ ಕಾಲ್ ಹಚ್ಚಿದೆ.

“ನಕಲ ಅದಾವಿಲ್ರಿ?” ಎಂದು ಕೇಳಿದ.

“ಎರಡೆರಡು ಅದಾವ್ರಿ.”

“ಮತ್ತೇನ್ ಚಿಂತಿ? ಡಿಸ್ಕ್ ಪೂರಾ ಅಳಿಸಿ ಡಾಸ್ ಹೊಸದಾಗಿ ಹಾಕ್ರಿ.”

ಇದ್ದುದೆಲ್ಲ ಹೋಗುತ್ತದೆ, ಮುಂದುವರಿಯಲೇ ಎಂದು ಪರದೆ ಇಂಗ್ಲಿಷಿನಲ್ಲಿ ಕೇಳಿತು. ಹೌದೆಂದು ಒತ್ತಿ ಚಹಾ ಕುಡಿಯುತ್ತ ಕುಳಿತೆ. ಕಪಾಟಿನಲ್ಲಿದ್ದ ಬೇರೆ ಫ್ಲಾಪಿಯಿಂದ ಡಾಸ್, ಅಂದರೆ ಮಷಿನು ನಡೆಸುವ ಪ್ರೋಗ್ರಾಮು, ಹಾಕಿದ ಮೇಲೆ ಕಂಪ್ಯೂಟರ್ ತೊಳೆದಿಟ್ಟ ಶಾಲೆ ಪಾಟಿಯ ಹಾಗೆ ಎದ್ದು ನಿಂತಿತು. ನನಗೋ ಖುಷಿ. ಮೊದಲ ಫ್ಲಾಪಿ ತುರುಕಿದೆ. ಕರಕರ ಸದ್ದು ಬಂತು, ಓದಲಿಲ್ಲ. ಎರಡನೆಯದೂ ಇಲ್ಲ. ಮೂರನೆಯದನ್ನು ಬೆಳಕಿಗೆ ಹಿಡಿದು ನೋಡಿದೆ. ಮಷಿನು ಓದಲೆಂದು ಫ್ಲಾಪಿಯ ಕವಚದಲ್ಲಿ ಬಿಟ್ಟ ಸೀಳಿನೊಳಗೆ ವಿಭೂತಿ ಇಳಿದು ಒಣಗಿ ಕೂತಿತ್ತು.

ಶಿವನೇ! ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದರೆ ವಿಭೂತಿಯ ಜೊತೆಗೆ ಫ್ಲಾಪಿಯ ಕಂದು ಬಣ್ಣವೂ ಕಿತ್ತು ಬಂತು.

“ಲೇ, ಚೀಟಿಗಳರ ಅದಾವಿಲ್ಲೋ?” ಎಂದರು ನಮ್ಮ ಡಾಕ್ಟರರು. ಗುಳಿಗೆ ಕಟ್ಟಲು ಕೊಟ್ಟೆನೆಂದೆ. “ಬೆಳಗಾವಿ ಸಾಹೇಬ್ರು ಸಂಕ್ರಾಂತಿ ಮಟಾ ಬರೂದಿಲ್ಲ. ನಂಬರ್ ತೆಗಿಯೂ ಸಾಮಾನೂ ಅವರ ಕಡೇನ ಐತಿ. ಏನ್ ಮಾಡ್ಲಿ ನಿನ್ನ ಕಟಗೊಂಡು?” ಎಂದು ಹೊರಗೆ ಹೋದರು. ಎರಡು ಬಿಗಿದಿದ್ದರೆ ಚಲೋ ಇತ್ತು.

ಆ ಗುಳಿಗೆ ಪುಡಿಕೆಗಳನ್ನಾದರೂ ಹುಡುಕೋಣವೆಂದು ಬಸ್ ಹತ್ತಿದೆ. ರಾಮಥಾಳದಲ್ಲಿ ಮನೆಮನೆ ಅಲೆದೆ. ಖಾಲಿ ಪುಡಿಕೆಯನ್ನು ಯಾರು ಇಡುತ್ತಾರೆ? ಒಲೆಗೆ ಹೋಗಿದ್ದವು, ತಿಪ್ಪೆಗೆ ಹೋಗಿದ್ದವು. ಸಂಜೆಗೆ ಮರೋಳ ಮುಟ್ಟಿದಾಗ ಮುದುಕಿ ಕಟ್ಟೆಯ ಮೇಲೆ ಕೂಸನ್ನು ತೊಡೆಯಲ್ಲಿ ಹಾಕಿಕೊಂಡು ಕೂತಿದ್ದಳು. ದನಿಯಿಂದಲೇ ಗುರುತು ಹಿಡಿದಳು.

“ಚಸ್ಮಾ ತಂದಿ ಏನ ತಮ್ಮಾ?”

ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಆಕೆ ಬಯ್ಯಲಿಲ್ಲ. ಸೊಂಟದ ಚೀಲ ತಡಕಾಡಿ ಮಡಚಿದ ಕಾಗದವೊಂದನ್ನು ತೆಗೆದಳು.

“ಗುಳಿಗಿ ಕಟ್ಟಿದ್ದ ಕಾಗದ. ಡಾಕ್ಟರ್ ಬರದದ್ದು ಐತಿ ಅಂದ್ಲು ಮೊಮ್ಮಗಳು, ಒಗೀಲಾಕ ಮನಸ ಬರಲಿಲ್ಲ. ನೋಡು, ಇದ ಏನು?”

ಬಿಡಿಸಿದೆ. ಎರಡೂ ಕಣ್ಣಿನ ನಂಬರ್ ಸ್ಪಷ್ಟವಾಗಿತ್ತು. ಹೆಸರು ಮಾತ್ರ ಕಮತಗಿಯ ಒಬ್ಬ ಮುದುಕನದು.

“ನಂದಲ್ಲೇನು?”

“ಅಲ್ಲ ಆಯಿ. ಕಮತಗಿ ಅಜ್ಜಂದು.”

ಕೂಸಿನ ಹಣೆ, ಮೂಗು, ಗಲ್ಲದ ಮೇಲೆ ಬೆರಳಾಡಿಸಿದಳು.

“ಹೋಗ್ಲಿ, ಅವಗರ ಕಾಣಲಿ. ಲಗೂನ ಮಾಡಿಸಿ ಕೊಡು. ನನಗ ಇಷ್ಟ ಹೇಳಿ ಹೋಗು: ಕೂಸು ಯಾರಂಗ ಐತಿ?”

ಬಗ್ಗಿ ನೋಡಿದೆ. ಕಣ್ಣಲ್ಲಿ ನೀರು ತುಂಬಿ ನನಗೇನೂ ಕಾಣಲಿಲ್ಲ.

“ನಿನ್ನಂಗನ ಐತಿ, ಆಯಿ” ಎಂದುಬಿಟ್ಟೆ.