ರೊಟ್ಟಿ ತಟ್ಟುವ ಕೈಗೊಂದು ವಾಚು

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದು ನನ್ನ ಕಿವಿ ಮಂದವಾಯಿತು. ಎದುರು ನಿಂತು ಮಾತಾಡಿದರೆ ತಿಳಿಯುತ್ತದೆ, ಬೆನ್ನ ಹಿಂದಿನದು ದೇವರಿಗೇ ಗೊತ್ತು. ಆಮೇಲೆ ಎಸ್ಟೇಟಿನ ಅಮ್ಮ ತಮ್ಮ ಹೋಮ್‌ಸ್ಟೇಯ ಅಡುಗೆಯನ್ನು ನನಗೆ ವಹಿಸಿದರು. ಸಹಾಯಕ್ಕೆಂದು ನನ್ನ ಮೈದುನನ ಹೆಂಡತಿಯನ್ನು ನಾನೇ ಕರೆತಂದೆ. ಹಾವಿಗೆ ಹಾಲೆರೆದೆ.

ಅಮ್ಮನವರ ಮನೆ ಇರುವುದು ಗುಡ್ಡದ ಮೇಲೆ. ಬಂದವರಿಗೆ ಏನೇನು ಬೇಕೆಂದು ಅವರು ನನ್ನ ಫೋನಿಗೆ ಮೆಸೇಜು ಹಾಕುತ್ತಾರೆ. ಒಲೆಯ ಹಬೆ, ಕೈತುಂಬ ಹಿಟ್ಟು. ಫೋನು ಕಪಾಟಿನ ಮೇಲೆಯೇ ಇರಬೇಕು. ಅದು ಬಡಿದುಕೊಂಡರೂ ನನಗೆ ಕೇಳದು. ಓದಿ ಹೇಳುವುದು ಅವಳ ಕೆಲಸ. ಹೇಳುತ್ತಿದ್ದಳು, ತಡವಾಗಿ, ಅರ್ಧ ನುಂಗಿಕೊಂಡು. ಊಟ ಎಡವಟ್ಟಾಗಿ ಅಮ್ಮ ಬಂದು ಕೇಳಿದರೆ, “ಪಾಪ, ಅಕ್ಕಂಗೆ ಕಿವಿ ಕೇಳಲ್ಲ ಅಮ್ಮ, ನಾನು ಹೇಳ್ತಾನೇ ಇರ್ತೀನಿ” ಅನ್ನುವಳು. ಬಾಯಿ ಬೆಲ್ಲ, ಕರುಳು ಕತ್ತರಿ.

ಕೊನೆಗೊಂದು ದಿನ ಅಮ್ಮ, “ಈ ಕುಯ್ಲು ಮುಗಿದ್ಮೇಲೆ ನೀನು ಮನೇಲಿ ಆರಾಮಾಗಿರು, ಅಡುಗೆ ಅವಳೇ ನೋಡ್ಕೊಳ್ಳಲಿ” ಎಂದರು. ಅವಳು ಸೆರಗಿನ ಮರೆಯಲ್ಲಿ ನಕ್ಕಳು. ಮಂದವಾಗಿದ್ದು ನನ್ನ ಕಿವಿ, ಕಣ್ಣಲ್ಲ. ಇರು, ನಿನಗೆ ಮಾಡ್ತೀನಿ ಎಂದುಕೊಂಡೆ.

ಫೋನಿಗೆ ಬಂದದ್ದನ್ನು ಮಣಿಕಟ್ಟಿಗೆ ತಿಳಿಸುವ ವಾಚುಗಳನ್ನು ಹೋಮ್‌ಸ್ಟೇಗೆ ಬಂದವರ ಕೈಯಲ್ಲಿ ನೋಡಿದ್ದೆ. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರು ಒಂದು ಹೊಳೆಯುವ ವಾಚು ತೆಗೆದು, “ಇದ್ರಲ್ಲೇ ಮಾತಾಡ್ಬೋದು ಅಕ್ಕ, ಸೌಂಡು ಜೋರಿದೆ” ಎಂದರು.

“ಸೌಂಡು ನಂಗ್ಯಾಕೆ ಮಾರಾಯ್ರೆ? ಕೈ ನಡುಗಿಸ್ಬೇಕು, ಅಷ್ಟೇ.”

ವಾಚು ಕಟ್ಟಿಕೊಂಡು ಅವರ ಗಾಜಿನ ಮೇಜಿನ ಮೇಲೆ ಬರಿಗೈಯಲ್ಲಿ ರೊಟ್ಟಿ ತಟ್ಟತೊಡಗಿದೆ. ತಟ್ಟುವಾಗ ಅವರು ನನ್ನ ಫೋನಿಗೆ ಮೆಸೇಜು ಹಾಕಬೇಕು. ಹೊಳೆಯುವುದು ನಡುಗಿದ್ದೇ ಗೊತ್ತಾಗಲಿಲ್ಲ. ಇನ್ನೊಂದು ನಡುಗಿತು, ಆದರೆ ಕನ್ನಡ ಅಕ್ಷರದ ಜಾಗದಲ್ಲಿ ಬರೀ ಚೌಕ ತೋರಿಸಿತು. ಮತ್ತೊಂದು ಒದ್ದೆ ಬೆರಳಿಗೆ ಅಲ್ಲಾಡಲಿಲ್ಲ. ಸಾಹೇಬರು ಬೇಸರಿಸದೆ ತೆಗೆದು ಕೊಡುತ್ತಲೇ ಇದ್ದರು. ಕೊನೆಗೆ ಸಿಕ್ಕಿದ್ದು ದಪ್ಪನೆಯ, ಕರಿ ರಬ್ಬರ್ ಪಟ್ಟಿಯ, ಪಕ್ಕದಲ್ಲಿ ಒತ್ತುವ ಗುಂಡಿಯಿರುವ ಕುರೂಪಿ ವಾಚು. ಮೊಣಕೈವರೆಗೆ ಜುಮ್ಮೆನ್ನುವಂತೆ ನಡುಗಿತು.

ಅದನ್ನು ನೋಡಿ ಅವಳು, “ಈ ವಯಸ್ಸಲ್ಲಿ ಶೋಕಿ ನೋಡು ಅಕ್ಕಂದು” ಎಂದು ನಕ್ಕಳು. ಟೈಮು ನೋಡಲು ತಂದಿದ್ದೇನೆಂದುಕೊಂಡಳು. ನಾನೂ ತಿದ್ದಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ.

ಭಾನುವಾರ ಕಡುಬಿಗೆ ಹಿಟ್ಟು ಕಲಸುತ್ತಿದ್ದಾಗ ಕೈ ನಡುಗಿತು. ಗೋಡೆಗೆ ತಿರುಗಿ ಓದಿದೆ: ‘ಇಬ್ಬರು ಕೋಳಿ ತಿನ್ನಲ್ಲ, ಅವರಿಗೆ ಸೊಪ್ಪಿನ ಸಾರು.’ ಅವಳು ಕಪಾಟಿನ ಫೋನು ಎತ್ತಿ ನೋಡಿ ಮತ್ತೆ ಇಟ್ಟಳು.

“ಏನಂತೆ?” ಎಂದೆ.

“ಏನಿಲ್ಲ ಅಕ್ಕ, ಕಂಪೆನಿ ಮೆಸೇಜು.”

ಅವಳು ಬಾಳೆಲೆ ತರಲು ಹೋದಾಗ ಸೊಪ್ಪು ಬೇಯಿಸಿ ಮುಚ್ಚಿಟ್ಟೆ. ಊಟದ ಹೊತ್ತಿಗೆ ಅಮ್ಮ ಬಂದು ಸೊಪ್ಪಿನ ಸಾರು ಎಲ್ಲಿ ಎಂದು ಕೇಳುವುದೇ ತಡ, “ನಾನು ಹೇಳ್ದೆ ಅಮ್ಮ, ಅಕ್ಕಂಗೆ ಕೇಳಲೇ ಇಲ್ಲ” ಎಂದು ಶುರುಮಾಡಿದಳು. ನಾನು ಪಾತ್ರೆಯ ಮುಚ್ಚಳ ತೆಗೆದೆ. ಆಮೇಲೆ ವಾಚಿನ ಗುಂಡಿ ಒತ್ತಿ ಅಮ್ಮನಿಗೆ ಅವರದೇ ಮೆಸೇಜು ತೋರಿಸಿ, “ಇದು ಕಂಪೆನಿ ಮೆಸೇಜಂತೆ ಅಮ್ಮ” ಎಂದೆ. ಅವಳ ಮುಖ ಸುಟ್ಟ ಬದನೆಕಾಯಿಯಾಯಿತು. ಹೊಟ್ಟೆ ತಣ್ಣಗಾಯಿತು ನನಗೆ.

ಮರುದಿನದಿಂದ ಅವಳಿಗೆ ಕಕ್ಕಸು ತೊಳೆಯುವ ಕೆಲಸ, ಅಡುಗೆಮನೆ ನನಗೆ. ಎರಡು ದಿನ ಬಿಟ್ಟು ಬಂದು ನನ್ನ ಎದುರಿಗೇ ನಿಂತು, “ತಪ್ಪಾಯ್ತು ಅಕ್ಕ, ಅಮ್ಮಂಗೆ ಒಂದ್ಮಾತು ಹೇಳಿ” ಎಂದಳು. ಒಂದಕ್ಷರ ಬಿಡದೆ ತಿಳಿಯಿತು. ಆಚೆ ಜಗಲಿಯಲ್ಲಿ ಅಮ್ಮ, ಬಂದವರು, ಜೀಪಿನ ಡ್ರೈವರು ಎಲ್ಲ ತಿಂಡಿಗೆ ಕೂತಿದ್ದರು.

ರೊಟ್ಟಿ ತಟ್ಟುತ್ತಲೇ ಹೇಳಿದೆ, “ಕೇಳಿಸ್ತಿಲ್ಲ ಕಣೆ. ಇನ್ನೂ ಸ್ವಲ್ಪ ಜೋರಾಗಿ ಹೇಳು.”