ಹೆಂಚಿನ ಕಾರ್ಖಾನೆಯ ಆಟ

ಎಂಬತ್ತರ ದಶಕದಲ್ಲಿ ನಾನು ಕೊಳ್ಳೇಗಾಲದ ಕಾಲೇಜೊಂದಕ್ಕೆ ವಾಣಿಜ್ಯ ವಿಷಯದ ಮೇಷ್ಟ್ರಾಗಿ ಸೇರಿದೆ. ಬಂಡವಾಳ ಹೂಡಿಕೆಯ ಪಾಠ ಬಂತೆಂದರೆ ಹುಡುಗರಿಗೆ ಬೇಸರ. ಕಾರ್ಖಾನೆಯೊಳಗೆ ಕಾಲಿಡದವರಿಗೆ ಒಂದು ಯಂತ್ರ ಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲಿ ಏನು ರುಚಿ? ಅದಕ್ಕೇ ಒಂದು ಆಟ ಕಟ್ಟಿದೆ. ಕರಾವಳಿಯಲ್ಲೆಲ್ಲೋ ಒಂದು ಹೆಂಚಿನ ಕಾರ್ಖಾನೆ ಇದೆ ಎಂದುಕೊಳ್ಳುವುದು. ತರಗತಿಯನ್ನು ಗುಂಪುಗಳಾಗಿ ಒಡೆದರೆ ಪ್ರತಿ ಗುಂಪೂ ಒಂದು ಆಡಳಿತ ಮಂಡಳಿ. ಆಟದ ಒಂದೊಂದು ವರ್ಷಕ್ಕೂ ಒಂದು ಚೀಟಿ ಎತ್ತಬೇಕು: ಸೌದೆ ದುಬಾರಿಯಾಯಿತು, ಕರೆಂಟು ಕೈಕೊಟ್ಟಿತು, ಎಲ್ಲರೂ ತಾರಸಿ ಹಾಕಿಸಿ ಹೆಂಚು ಕೇಳುವವರಿಲ್ಲ. ಇರುವ ದುಡ್ಡನ್ನು ಹೆಂಚು ಸುಡುವ ಹೊಸ ಭಟ್ಟಿಗೆ ಹಾಕುವುದೋ, ಬೇರೆ ಊರಿನಲ್ಲಿ ಹೂಡುವುದೋ, ಅವರೇ ಜಗಳವಾಡಿ ತೀರ್ಮಾನಿಸಬೇಕು. ಆಟ ಹಿಡಿಸಿತು. ಬೇರೆ ತರಗತಿಯವರೂ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಊರಾಚೆಯ ಫಿಲೇಚರಿನ ಮ್ಯಾನೇಜರು ನನ್ನನ್ನು ಹುಡುಕಿಕೊಂಡು ಬಂದರು. ಫಿಲೇಚರ್ ಎಂದರೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕಾರ್ಖಾನೆ. ಅದರ ಮಾಲೀಕರು ಬೆಂಗಳೂರಿನ ಒಂದು ಕಂಪನಿಯವರು.

"ನಿಮ್ಮ ಆಟದ ವಿಷಯ ಕೇಳಿದೆ. ನಮ್ಮ ಸೂಪರ್‌ವೈಸರುಗಳಿಗೂ ಕಲಿಸಿಕೊಡಿ. ಕಂಪನಿ ಹೇಗೆ ಯೋಚನೆ ಮಾಡುತ್ತೆ ಅಂತ ಅವರಿಗೂ ಗೊತ್ತಾಗಲಿ" ಎಂದರು.

ಮೇಷ್ಟ್ರೊಬ್ಬನಿಗೆ ಇದಕ್ಕಿಂತ ಹಿಗ್ಗಿನ ಮಾತು ಬೇಕೆ? ಒಪ್ಪಿಕೊಂಡೆ. ಆಟದ ಅಂಕಿಗಳನ್ನು ಮಾತ್ರ ತಾವೇ ಕೊಡುವುದಾಗಿ ಹೇಳಿದರು. "ಕಾಲೇಜು ಹುಡುಗರ ಲೆಕ್ಕ ಇವರಿಗೆ ಸಪ್ಪೆ ಆಗುತ್ತೆ. ಸ್ವಲ್ಪ ಗಟ್ಟಿಯಾಗಿರೋದು ಮಾಡಿಸಿ ಕೊಡ್ತೀನಿ."

ಭಾನುವಾರಗಳಲ್ಲಿ ಫಿಲೇಚರಿನ ಕ್ಯಾಂಟೀನಿನಲ್ಲಿ ಪಾಠ ನಡೆಯಿತು. ಕಲಿಯಲು ಬಂದವರಲ್ಲಿ ಇಬ್ಬರು ಜೋರು. ಒಬ್ಬರು ಹನೂರಿನಿಂದ ಬಸ್ಸಿನಲ್ಲಿ ಓಡಾಡುತ್ತಿದ್ದ ಹೆಂಗಸು. ಬಿಸಿನೀರಿನ ಮುಂದೆ ಕೂತು ನೂಲು ತೆಗೆಯುವ ಕೆಲಸಕ್ಕೆ ಸೇರಿ ಆ ವಿಭಾಗಕ್ಕೇ ಸೂಪರ್‌ವೈಸರ್ ಆಗಿದ್ದವರು. ಇನ್ನೊಬ್ಬ ಯಳಂದೂರಿನವನು, ಬಾಯ್ಲರ್ ಮನೆಯ ಮೇಲ್ವಿಚಾರಕ, ಕೆಲಸಗಾರರ ಸಂಘದಲ್ಲೂ ಮುಂದಾಳು. ಕೊನೆಯ ಭಾನುವಾರ, ಆಟದ ಹೆಂಚಿನ ಕಾರ್ಖಾನೆಯನ್ನು ನಡೆಸುವುದೋ ಮುಚ್ಚುವುದೋ ಎಂದು ಇಬ್ಬರಿಗೂ ಜಟಾಪಟಿಯಾಯಿತು.

"ಭಟ್ಟಿ ಮೊನ್ಮೊನ್ನೆ ತಾನೆ ರಿಪೇರಿ ಮಾಡ್ಸಿದ್ದು. ಅಷ್ಟು ದುಡ್ಡು ಸುರ್ದು ಈಗ ಮುಚ್ಚಕಾದದಾ?" ಎಂದು ಅವನು.

"ಸುರ್ದಿದ್ದು ಓಯ್ತು ಕಣಣ್ಣ. ಅತ್ರೂ ಬರಲ್ಲ, ನಕ್ರೂ ಬರಲ್ಲ. ಇನ್ಮುಂದ ಏನ್ ಬತ್ತದ ಅಂತ ಮಾತ್ರ ನೋಡ್ಬೇಕು. ಈ ಕಾರ್ಖಾನೆಗ ಇನ್ನು ಎಷ್ಟ್ ಆಕುದ್ರೂ ನಷ್ಟನೇಯ. ಮುಚ್ಬುಡ್ಬೇಕು" ಎಂದು ಅವರು.

ಅವನು ನನ್ನತ್ತ ತಿರುಗಿದ. "ಮುಚ್ಚಿದ್ರ ಕೆಲ್ಸದೋರ ಗತಿ ಏನ್ ಸಾ? ಅದ್ಕ ಚೀಟಿ ಇಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ಮ್ಯಾನೇಜರು, "ಅದು ಈ ಅಭ್ಯಾಸದಲ್ಲಿ ಬರಲ್ಲ" ಎಂದರು. ಎಲ್ಲರೂ ನಕ್ಕರು. ಅವನೂ ನಕ್ಕ. ಮುಚ್ಚಬೇಕೆಂದ ಗುಂಪೇ ಗೆದ್ದಿತು. ಮ್ಯಾನೇಜರು ಆ ಹೆಂಗಸಿಗೆ ಶಾಲು ಹೊದಿಸಿದರು. ಅವರ ಮುಖದಲ್ಲಿದ್ದ ಖುಷಿ ನೋಡಿ ನನಗೂ ಹೆಮ್ಮೆ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಫಿಲೇಚರಿನ ಗೇಟಿಗೆ ಬೀಗ ಬಿತ್ತು. ಮೂರು ದಿನ ಬಿಟ್ಟು ಒಂದು ಸಂಜೆ ಆ ಹೆಂಗಸು ನಮ್ಮ ಮನೆಗೆ ಬಂದರು. ಜಗುಲಿಯ ಮೇಲೆ ಕೂರಲೂ ಇಲ್ಲ, ಕಂಬ ಹಿಡಿದು ನಿಂತರು.

"ಆ ಎಂಚಿನ ಕಾರ್ಖಾನೆ ನಮ್ದೇ ಅಂತ ಸಾ. ಮ್ಯಾನೇಜರು ಗೇಟ್ ತಾವ ನಿಂತ್ಕಂಡು ಎಲ್ಲಾರ್ಗೂ ಏಳ್ಬುಟ್ರು. ಎಸ್ರು ಮಾತ್ರ ಬದ್ಲಾಯ್ಸಿದ್ವಿ, ಲೆಕ್ಕವೆಲ್ಲ ಇಲ್ಲೀದೇಯ, ಮುಚ್ಬೇಕು ಅಂದೋರು ನಿಮ್ ಸೂಪರ್‌ವೈಸರುಗಳೇ ಅಂತ. ಈಗ ಎಲ್ಲಾರೂ ನನ್ನೇ ಅಂತಾವ್ರ. ಬಸ್ನಲ್ಲಿ ಪಕ್ಕ ಕೂತ್ಕಳಕೂ ಒಬ್ರೂ ಬರಲ್ಲ. ನೀವಾದ್ರೂ ಬಂದೇಳಿ ಸಾ, ಅದು ಆಟ ಅಂತ."

ಮರುದಿನ ಮೊದಲು ಮ್ಯಾನೇಜರ ಬಳಿಗೆ ಹೋದೆ. ಆಫೀಸಿನ ಸಾಮಾನು ಕಟ್ಟಿಸುತ್ತಿದ್ದರು. ನನಗೆ ಕಾಫಿ ತರಿಸಿದರು. ನಾನು ಮುಟ್ಟಲಿಲ್ಲ.

"ಯಾಕೆ ಮೇಷ್ಟ್ರೇ, ಅವರ ಉತ್ತರ ತಪ್ಪಾಗಿತ್ತೇ?"

"ಉತ್ತರ ಸರಿ. ಪ್ರಶ್ನೆ ಯಾರದು ಅಂತ ನೀವು ಹೇಳಲಿಲ್ಲ."

"ಹೇಳಿದ್ದಿದ್ರೆ ಸರಿಯಾದ ಉತ್ತರ ಬರ್ತಿತ್ತೇ?"

ತಣ್ಣಗೆ ಕೇಳಿ ತಮ್ಮ ಲೋಟ ಎತ್ತಿ ಕಾಫಿ ಕುಡಿದರು. ಮುಚ್ಚುವ ತೀರ್ಮಾನ ಬೆಂಗಳೂರಿನಲ್ಲಿ ಮೊದಲೇ ಆಗಿತ್ತು. ಕಲ್ಲು ಬೀಳುವಾಗ ಮುಂದೆ ನಿಲ್ಲಿಸಲು ಅವರಿಗೆ ಯಾರೋ ಬೇಕಿತ್ತು, ಅಷ್ಟೆ. ಅವರ ಮೇಲೆ ಕೈ ಮಾಡದೆ ಹೇಗೆ ಎದ್ದು ಬಂದೆನೋ, ಈಗಲೂ ತಿಳಿಯದು.

ಗೇಟಿನ ಮುಂದೆ ಶಾಮಿಯಾನ ಹಾಕಿ ಕೆಲಸಗಾರರು ಧರಣಿ ಕೂತಿದ್ದರು. ಅಲ್ಲಿಗೆ ಹೋಗಿ ಮೈಕು ಕೇಳಿ ಪಡೆದೆ. ತರಗತಿಯಲ್ಲಿ ಹೇಳಿದ ಮಾತಿನಿಂದ ಯಾವ ಕಾರ್ಖಾನೆಯೂ ಮುಚ್ಚುವುದಿಲ್ಲ, ಈ ಹೆಣ್ಣುಮಗಳಿಗೂ ನನಗೂ ಒಂದೇ ರೀತಿ ಮೋಸವಾಗಿದೆ ಎಂದೆ. ಇಂಥ ಸಭೆಯಲ್ಲಿ ಮೇಷ್ಟ್ರ ಭಾಷೆ ಎಷ್ಟು ಪೊಳ್ಳಾಗಿ ಕೇಳುತ್ತದೆ ಎಂದು ಆವತ್ತು ತಿಳಿಯಿತು. ಯಳಂದೂರಿನವನು ಎದ್ದು ನಿಂತ.

"ಆಟ ಕಟ್ದೋರು ನೀವು ಸಾ. ಗೆದ್ದೋಳು ಅವ್ಳು. ಕೆಲ್ಸ ಓಗಿರಾದು ನಮ್ದು. ಇನ್ನೇನ್ ಉಳ್ದದ ಏಳಕ?"

ಶಾಮಿಯಾನದ ಅಂಚಿನಲ್ಲಿ ನಿಂತಿದ್ದ ಆ ಹೆಂಗಸು, "ನಂದೂ ಓಗದ ಕಣಣ್ಣ" ಎಂದರು. ಯಾರೂ ತಿರುಗಿ ನೋಡಲಿಲ್ಲ. ಅವರ ಜೊತೆ ಒಂದೇ ಸಾಲಿನಲ್ಲಿ ಕೂತು ನೂಲು ತೆಗೆದಿದ್ದ ಹೆಂಗಸರೂ ನೋಡಲಿಲ್ಲ. ಯಾರೋ ನನ್ನ ಕೈಯಿಂದ ಮೈಕು ತೆಗೆದುಕೊಂಡರು.

ಧರಣಿ ಮುಂಗಾರಿನವರೆಗೂ ಎಳೆದು, ಅಷ್ಟೋ ಇಷ್ಟೋ ಪರಿಹಾರಕ್ಕೆ ಮುಗಿಯಿತು. ಯಂತ್ರಗಳನ್ನು ಬಿಚ್ಚಿ ಲಾರಿಗಳಲ್ಲಿ ಸಾಗಿಸಿದರು. ಯಳಂದೂರಿನವನು ತಮಿಳುನಾಡಿನ ಕಡೆ ಬಾಯ್ಲರ್ ಕೆಲಸ ಹಿಡಿದು ಹೋದನೆಂದು ಕೇಳಿದೆ. ಮ್ಯಾನೇಜರಿಗೆ ಬೆಂಗಳೂರಿನಲ್ಲಿ ಬಡ್ತಿ ಸಿಕ್ಕಿತಂತೆ, ಸಿಬ್ಬಂದಿಗೆ ತರಬೇತಿ ಕೊಡುವ ವಿಭಾಗದಲ್ಲೇ. ನಾನು ಆ ಆಟವನ್ನು ಮತ್ತೆ ಆಡಿಸಲಿಲ್ಲ. ಆಡಿಸಿ ಎಂದು ಪ್ರಿನ್ಸಿಪಾಲರು ಒತ್ತಾಯ ಮಾಡಿದಾಗ, ಚೀಟಿಗಳು ಕಳೆದುಹೋಗಿವೆ ಎಂದೆ.

ಹೆಂಗಸು ಹನೂರು ಬಿಟ್ಟು ಲೊಕ್ಕನಹಳ್ಳಿಯ ತಂಗಿ ಮನೆ ಸೇರಿದ್ದರು. ನಿವೃತ್ತಿಗೆ ಮೊದಲು ಒಮ್ಮೆ ಅಲ್ಲಿಗೆ ಹೋದೆ. ಕಾಡಿನಂಚಿನ ಹೊಲದಲ್ಲಿ ರಾಗಿಯ ಕಳೆ ಕೀಳುತ್ತಿದ್ದವರು ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಮಜ್ಜಿಗೆ ಕೊಟ್ಟರು. ತಂಗಿಯ ಮಕ್ಕಳ ಓದಿನ ಬಗ್ಗೆ, ಹಿಂದಿನ ವಾರ ಹೊಲಕ್ಕೆ ನುಗ್ಗಿದ ಆನೆಗಳ ಬಗ್ಗೆ ಮಾತಾಡಿದರು. ಫಿಲೇಚರಿನ ಸುದ್ದಿ ನಾನೇ ತೆಗೆದೆ.

"ನನ್ನಿಂದ ನಿಮಗೆ ಹೀಗಾಯಿತಲ್ಲಮ್ಮ."

"ನೀವು ಚೆನ್ನಾಗೇ ಕಲ್ಸುದ್ರಿ ಸಾ" ಎಂದರು. ವ್ಯಂಗ್ಯವಿರಲಿಲ್ಲ. "ಕಲೀದೆ ಇದ್ದಿದ್ರ ಎಲ್ಲಾರ್ ಜೊತ್ಗ ಕೂತ್ಕಂಡು ನಾನೂ ಕಂಪ್ನೀನ ಬೈಯ್ತಿದ್ನಿ. ಈಗ ಬೈಯ್ಯಕೂ ಜೊತೆ ಇಲ್ಲ."

ನನ್ನನ್ನು ರಸ್ತೆಯವರೆಗೂ ಬಿಡಲು ಬಂದರು. ಬಸ್ಸಿನಲ್ಲಿ ಜನ ತುಂಬಿದ್ದರು. ನಾನು ಹತ್ತಿ ಜಾಗ ಹುಡುಕಿ ಹೊರಗೆ ನೋಡುವಷ್ಟರಲ್ಲಿ ಅವರು ಹೊಲದ ಕಡೆ ನಡೆದಿದ್ದರು.