ಮಾಸ್ಟರಮ್ಮನ ಎರಡು ನಿಮಿಷ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಮಾಸ್ಟರಮ್ಮ ಎಂದೇ ಕರೆಯುತ್ತಿದ್ದರು. ಅವಳು ಯಾವ ಶಾಲೆಯಲ್ಲೂ ಪಾಠ ಹೇಳಿದವಳಲ್ಲ. ಗಂಡ ಮಾಸ್ಟರ್, ಹೆಂಡತಿ ಮಾಸ್ಟರಮ್ಮ, ಅಷ್ಟೇ. ಗಂಡನೂ ಪಾಠ ಹೇಳಿದವನಲ್ಲ ಬಿಡಿ, ಕಸುಬು ಬಲ್ಲವನೆಂದು ಜನ ಕೊಟ್ಟ ಹೆಸರು ಅದು. ಒಂದು ಕಾಲು ಗಿಡ್ಡವಿರುವವರಿಗೆ, ಪಾದ ಒಳಕ್ಕೆ ತಿರುಗಿದವರಿಗೆ, ಬೆರಳು ಕಳೆದುಕೊಂಡವರಿಗೆ ಅಳತೆ ತೆಗೆದು ಬೂಟು ಹೊಲಿದುಕೊಡುವ ಅಂಗಡಿ ಅವರದು. ಬೋರ್ಡಿನ ಮೇಲೆ ಗಂಡನ ಹೆಸರು, ಜನರ ಬಾಯಲ್ಲಿ ಗಂಡನ ಕೈಗುಣ. ಆದರೆ ಇಪ್ಪತ್ತೆರಡು ವರ್ಷಗಳಲ್ಲಿ ಆ ಕೈ ಒಂದೇ ಒಂದು ಹೊಲಿಗೆ ಹಾಕಿರಲಿಲ್ಲ. ಇದು ಗಂಡ, ಹೆಂಡತಿ, ಮಗಳು ಈ ಮೂವರಿಗೆ ಬಿಟ್ಟು ನಾಲ್ಕನೆಯವರಿಗೆ ಗೊತ್ತಿರಲಿಲ್ಲ.

ಕೆಲಸವೆಲ್ಲ ಅವಳದು. ಅಪ್ಪನ ಪಕ್ಕ ಕೂತು, ಬೈಸಿಕೊಂಡು, ಬೆರಳು ಕೊಯ್ದುಕೊಂಡು ಕಲಿತದ್ದು. ಗಂಡ ಮದುವೆಗೆ ಮುಂಚೆ ಚಪ್ಪಲಿ ಅಂಗಡಿಯೊಂದರಲ್ಲಿ ಮಾರಾಟಕ್ಕೆ ನಿಲ್ಲುತ್ತಿದ್ದ. ಮಾತು ಎಂದರೆ ಅವನಿಗೆ ನೀರು ಕುಡಿದಷ್ಟು ಸಲೀಸು. ಅಂಗಡಿ ತೆರೆದ ಮೊದಲ ವಾರ ಕುಂಟುತ್ತಾ ಬಂದ ಗಿರಾಕಿಯೊಬ್ಬ ಮಾದರಿ ಬೂಟನ್ನು ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ, ಯಾರು ಮಾಡಿದ್ದು?" ಎಂದ. "ನಾನೇ" ಎಂದಳು. ಅವನು ಬೂಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟು "ನಾಳೆ ಬರ್ತೀನಮ್ಮ" ಎಂದು ಹೋದ. ಆ ನಾಳೆ ಇನ್ನೂ ಬಂದಿಲ್ಲ. ಮರುದಿನ ಬೇರೊಬ್ಬರು ಅದೇ ಪ್ರಶ್ನೆ ಕೇಳಿದಾಗ ಅವಳು ರೆಪ್ಪೆ ಬಡಿಯದೆ, "ನಮ್ಮ ಯಜಮಾನ್ರು" ಎಂದುಬಿಟ್ಟಳು. ಸುಳ್ಳು ಶುರು ಮಾಡಿದವಳು ಅವಳೇ. ಇದನ್ನು ಮುಚ್ಚಿಟ್ಟು ಕಥೆ ಹೇಳಿದರೆ ಗಂಡನಿಗೆ ಅನ್ಯಾಯವಾಗುತ್ತದೆ.

ಆಮೇಲೆ ಅದೇ ಅವರ ಕೆಲಸದ ಪದ್ಧತಿಯಾಯಿತು. ಗಂಡ ಅಂಟಿನ ಕಲೆಗಳಿರುವ ಏಪ್ರನ್ ಕಟ್ಟಿಕೊಂಡು ಮುಂದೆ ಕೂರುವುದು, ಬಂದವರ ಕಾಲು ಹಿಡಿದು ಕಾಗದದ ಮೇಲೆ ಪೆನ್ಸಿಲಿನಲ್ಲಿ ಪಾದದ ಗೆರೆ ಎಳೆಯುವುದು, ನಗಿಸುವುದು. ಅವನು ಎಳೆದ ಗೆರೆ ಅರ್ಧಕ್ಕರ್ಧ ತಪ್ಪು. ಅವಳು ಹಿಂದಿನ ಕೋಣೆಯ ಪರದೆಯ ಸಂದಿಯಿಂದ ನೋಡುತ್ತಿದ್ದಳು. ಹಿಮ್ಮಡಿ ಮೊದಲು ಎಲ್ಲಿ ಊರುತ್ತದೆ, ಸೊಂಟ ಯಾವ ಕಡೆ ವಾಲುತ್ತದೆ, ಹಳೆಯ ಚಪ್ಪಲಿಯ ಅಟ್ಟೆ ಎಲ್ಲಿ ಸವೆದಿದೆ. ಅವರು ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಅವಳ ತಲೆಯಲ್ಲಿ ಬೂಟು ತಯಾರು. ಹದಿನೈದು ದಿನಕ್ಕೆ ಅದನ್ನು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದವರು ಕಣ್ಣಲ್ಲಿ ನೀರು ತಂದುಕೊಂಡು ಮಾಸ್ಟರ ಎರಡೂ ಕೈ ಹಿಡಿದುಕೊಳ್ಳುತ್ತಿದ್ದರು. ಪರದೆಯ ಹಿಂದೆ ಅವಳಿಗೂ ಸಂತೋಷವೇ ಆಗುತ್ತಿತ್ತು. ಮೊದಮೊದಲು ಬರೀ ಸಂತೋಷ. ಆಮೇಲಾಮೇಲೆ ಸಂತೋಷದ ಜೊತೆ ಇನ್ನೇನೋ.

ಎಂಟು ತಿಂಗಳ ಹಿಂದೆ ಮಾಸ್ಟರಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಜೊತೆಗೆ ಮಾತೂ. ತಿಳಿವಳಿಕೆ ಮಾತ್ರ ಚೂರೂ ಕೆಟ್ಟಿರಲಿಲ್ಲ. ಹೌದು ಅಲ್ಲ ಎಂಬುದನ್ನು ತಲೆಯಲ್ಲೇ ಹೇಳುತ್ತಿದ್ದ. ಗಿರಾಕಿಗಳು ಬಂದರು, ಗಾಲಿಕುರ್ಚಿಯ ಪಕ್ಕ ಕೂತು ಕಣ್ಣೊರೆಸಿಕೊಂಡರು. ಹೋಗುವಾಗ ಅವಳಿಗೆ ಹೇಳಿದ್ದೆಲ್ಲ ಒಂದೇ ಮಾತು: "ಮಾಸ್ಟರ್ ಹುಷಾರಾಗ್ಲಿ ಮಾಸ್ಟರಮ್ಮ, ಆಮೇಲೆ ಬೂಟಿಗೆ ಅಳತೆ ಕೊಡ್ತೀವಿ." ಮಾಡುವ ಕೈಗಳೆರಡೂ ನೆಟ್ಟಗಿವೆ, ಇಗೋ ಇಲ್ಲಿವೆ, ಎಂದು ಕೂಗಬೇಕೆನಿಸುತ್ತಿತ್ತು. ಕೂಗಲಿಲ್ಲ. ತಾನೇ ಹಾಕಿದ ಬೀಗ, ಕೀಲಿಕೈ ಎಲ್ಲಿ ಇಟ್ಟಿದ್ದಾಳೋ ಅವಳಿಗೇ ತಿಳಿಯದು. ಚರ್ಮದ ಸುರುಳಿಗಳ ಮೇಲೆ ಧೂಳು ಕೂತಿತು.

ಆಗ ಆಸ್ಪತ್ರೆಯಿಂದ ಪತ್ರ ಬಂತು. ಕಾಲಿನ ತೊಂದರೆಯ ರೋಗಿಗಳಿಗೆ ಒಂದು ವರ್ಷ ಬೂಟು ಒದಗಿಸಲು ಯಾರಿಗಾದರೂ ಒಬ್ಬರಿಗೆ ಕೆಲಸ ಕೊಡುತ್ತಾರಂತೆ. ಬೂಟು ಮಾಡುವ ಐವರನ್ನು ಕರೆದಿದ್ದಾರೆ. ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಪರಿಚಯ ಹೇಳಿಕೊಳ್ಳಬೇಕು, ಎರಡು ನಿಮಿಷದೊಳಗೆ. ಸಿಕ್ಕಿದರೆ ಅಂಗಡಿ ಉಳಿಯುತ್ತದೆ. ಸಿಗದಿದ್ದರೆ ತಿಂಗಳ ಕೊನೆಗೆ ಬಾಗಿಲು ಹಾಕಿ, ಕಾರ್ಖಾನೆಯೊಂದರಲ್ಲಿ ಬ್ಯಾಗಿಗೆ ಜಿಪ್ ಹೊಲಿಯಲು ಹೋಗಬೇಕು.

ಮಗಳು ಬೇರೆ ಊರಿನಲ್ಲಿ ವಿಮೆಯ ಆಫೀಸೊಂದರಲ್ಲಿ ದಿನವಿಡೀ ಫೋನಿನಲ್ಲಿ ಮಾತಾಡುವ ಕೆಲಸದಲ್ಲಿದ್ದಳು. ಅಪರಿಚಿತರು ಫೋನ್ ಕುಕ್ಕುವ ಮೊದಲು ವಿಷಯ ಹೇಳಿ ಮುಗಿಸುವುದರಲ್ಲಿ ಪಳಗಿದವಳು. ತಾಯಿಗೆ ಫೋನಿನಲ್ಲೇ ಪಾಠ ಶುರು ಮಾಡಿದಳು.

"ಹೇಳು ನೋಡೋಣ."

ಅವಳು ಶುರು ಮಾಡಿದಳು. ಅಪ್ಪ ಎಲ್ಲಿ ಹುಟ್ಟಿದ್ದು, ಅವನಿಗೆ ಈ ವಿದ್ಯೆ ಕಲಿಸಿದ್ದು ಯಾರು, ಆಗ ಚರ್ಮ ಎಷ್ಟು ಒಳ್ಳೆಯದಿತ್ತು...

"ಅಮ್ಮಾ, ನಿಲ್ಸು. ಎರಡು ನಿಮಿಷ ಆಯ್ತು, ನೀನಿನ್ನೂ ಹುಟ್ಟೇ ಇಲ್ಲ."

ಇಬ್ಬರೂ ನಕ್ಕರು. ಎಂಟು ತಿಂಗಳಲ್ಲಿ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಆಮೇಲೆ ಮಗಳು ಪುರಾಣವನ್ನೆಲ್ಲ ಕತ್ತರಿಸಿದಳು. ತಾತ ಹೋದ, ಚರ್ಮ ಹೋಯಿತು, "ತಮ್ಮಂಥ ದೊಡ್ಡವರ ಮುಂದೆ ನಿಂತು" ಎಂಬ ಪೀಠಿಕೆ ಹೋಯಿತು. "ಅವರಿಗೆ ಬೇಕಾಗಿರೋದು ಮೂರೇ ಅಮ್ಮ. ನೀನ್ಯಾರು, ಏನ್ ಮಾಡ್ತೀಯ, ಅದ್ರಿಂದ ಅವರ ರೋಗಿಗೆ ಏನಾಗುತ್ತೆ. ಬೂಟು ಹಾಕ್ಕೊಂಡವರು ಏನಂತಾರೆ? ನಿಜವಾಗಿ ಅಂದಿದ್ದು ಹೇಳು."

ಅವಳು ಯೋಚಿಸಿದಳು. "ಮೂರ್ನೇ ದಿನಕ್ಕೆ ಕಾಲಲ್ಲಿ ಬೂಟಿದೆ ಅನ್ನೋದೇ ಮರ್ತೋಗುತ್ತೆ ಅಂತಾರೆ."

"ಅದೇ! ಅದನ್ನೇ ಕೊನೇಲಿ ಹೇಳು."

ಹೀಗೆ ನಾಲ್ಕು ದಿನಕ್ಕೆ ಮಾತು ಮೂರು ವಾಕ್ಯಕ್ಕೆ ಇಳಿಯಿತು. ಎರಡೂ ಕಾಲು ಒಂದೇ ಸಮ ಇಲ್ಲದವರಿಗೆ ನಾನು ಬೂಟು ಮಾಡ್ತೀನಿ. ಇಪ್ಪತ್ತೆರಡು ವರ್ಷದಿಂದ ನಮ್ಮ ಅಂಗಡಿಯ ಪ್ರತಿ ಬೂಟನ್ನೂ ನಾನೇ ಮಾಡಿದ್ದೀನಿ. ಅದನ್ನ ಹಾಕ್ಕೊಂಡವರು ಮೂರನೇ ದಿನಕ್ಕೆ ಬೂಟಿದೆ ಅನ್ನೋದನ್ನೇ ಮರೀತಾರೆ.

"ಹೇಳ್ತೀಯಲ್ಲಮ್ಮ? ಎರಡನೇದು ನುಂಗಬೇಡ" ಎಂದಳು ಮಗಳು. "ಅದಿಲ್ದೆ ಇದ್ರೆ ಮಿಕ್ಕಿದ್ದಕ್ಕೆ ಅರ್ಥ ಇಲ್ಲ."

ತಾಯಿಗೆ ಸಂಕಟವಿದ್ದದ್ದೂ ಅಲ್ಲೇ. ಮನೆ ಚಿಕ್ಕದು, ಗಂಡನ ಕಿವಿ ಚುರುಕು. ಎರಡನೆಯ ವಾಕ್ಯವನ್ನು ಅವನಿರುವ ಕೋಣೆಯಲ್ಲಿ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಹೇಳಿಕೊಂಡಳು. ಕೈ ಹೋಯಿತು, ಕಾಲು ಹೋಯಿತು, ಮಾತಿನ ಮಲ್ಲನ ಮಾತೇ ಹೋಯಿತು. ಅವನ ಹತ್ತಿರ ಉಳಿದಿರುವುದು ಆ ಹೆಸರೊಂದೇ. ಅದನ್ನೂ ಕಿತ್ತುಕೊಳ್ಳಬೇಕೆ? ಕಿತ್ತುಕೊಳ್ಳದಿದ್ದರೆ ಹೊಟ್ಟೆಗೇನು? ಅವಳಿಗೆ ಗಂಡನ ಮೇಲೆ ಕನಿಕರವಿತ್ತು, ಸಿಟ್ಟೂ ಇತ್ತು. ಯಾವುದು ಹೆಚ್ಚೆಂದು ಕೇಳಿದರೆ ಬೆಳಿಗ್ಗೆ ಒಂದು ಹೇಳುತ್ತಿದ್ದಳು, ಸಂಜೆ ಒಂದು.

ಆಸ್ಪತ್ರೆಗೆ ಹೋಗುವ ದಿನ ಅವನನ್ನು ಒಬ್ಬನನ್ನೇ ಬಿಟ್ಟುಹೋಗುವಂತಿರಲಿಲ್ಲ. ಹೊರಡುವಾಗ ಅವನು ಎಡಗೈಯಿಂದ ಮೊಳೆಗೆ ನೇತುಹಾಕಿದ್ದ ಏಪ್ರನ್ ತೋರಿಸಿದ. "ಅದ್ಯಾಕ್ರೀ ಈಗ?" ಎಂದಳು. ಅವನು ಮತ್ತೆ ತೋರಿಸಿದ. ಇಲ್ಲವೆನ್ನಲಾರದೆ ಅವನ ಕುತ್ತಿಗೆಗೆ ಹಾಕಿ, ಬೆನ್ನ ಹಿಂದೆ ಗಂಟು ಕಟ್ಟಿದಳು.

ಆಸ್ಪತ್ರೆಯ ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರಾಚೆ ಮೂವರು. ನಡುವೆ ಕಾಲಿನ ವಿಭಾಗದ ದೊಡ್ಡ ಡಾಕ್ಟರು, ಬೆಳ್ಳಗಿನ ತಲೆ. ಎಡಕ್ಕೆ ಖರೀದಿ ವಿಭಾಗದ ಅಧಿಕಾರಿಣಿ, ಬಲಕ್ಕೆ ಎರಡು ನಿಮಿಷ ಮುಗಿದಾಗ ಬಾರಿಸಲು ಗಂಟೆ ಹಿಡಿದ ಗುಮಾಸ್ತ. ಅವಳಿಗಿಂತ ಮೊದಲು ನಿಂತ ಬೂಟಿನ ಕಾರ್ಖಾನೆಯವನೊಬ್ಬ ಯಂತ್ರಗಳ ಚಿತ್ರ ತೋರಿಸುತ್ತಾ ಗಂಟೆ ಬಾರಿಸಿದ ಮೇಲೂ ಮಾತಾಡಿ, ಕೊನೆಗೆ ಬೂಟಿನ ಸುದ್ದಿಗೆ ಬರದೆಯೇ ಕೂತ. ಅವಳ ಸರದಿ ಬಂತು. ಗಂಡನ ಕುರ್ಚಿಯನ್ನು ಗೋಡೆಯ ಪಕ್ಕ ನಿಲ್ಲಿಸಿ ಮುಂದೆ ಹೋದಳು. ಅವನ ಕಡೆ ನೋಡಬಾರದೆಂದು ಡಾಕ್ಟರ ಜೇಬಿನ ಪೆನ್ನನ್ನೇ ನೋಡುತ್ತಾ ಮೂರೂ ವಾಕ್ಯಗಳನ್ನು ಹೇಳಿದಳು. ಒಂದೂ ನುಂಗಲಿಲ್ಲ. ಅರ್ಧ ನಿಮಿಷವೂ ಆಗಿರಲಿಲ್ಲ. ಗುಮಾಸ್ತ ಗಂಟೆಯನ್ನು ಸುಮ್ಮನೆ ಹಿಡಿದುಕೊಂಡೇ ಇದ್ದ.

ಅಧಿಕಾರಿಣಿ ಪೆನ್ನು ಕೆಳಗಿಟ್ಟಳು. "ಚೆನ್ನಾಗಿ ಹೇಳಿದ್ರಿ. ಆದ್ರೆ ನೀವೇ ಮಾಡ್ತಿದ್ರಾ, ಇಲ್ಲಾ ಅವರಿಗೆ ಸಹಾಯ ಮಾಡ್ತಿದ್ರಾ?"

"ನಾನೇ ಮೇಡಂ. ಅಳತೆಯಿಂದ ಹಿಡಿದು ಕೊನೇ ಹೊಲಿಗೆವರೆಗೂ."

ಡಾಕ್ಟರು ನಕ್ಕರು. ಕೆಟ್ಟ ನಗುವಲ್ಲ, ಅದೇ ಕಷ್ಟ. "ಅಮ್ಮಾ, ಮಾಸ್ಟರ್ ಕೈಕೆಲಸ ನಂಗೊತ್ತಿಲ್ವಾ? ನನ್ನ ಸ್ವಂತ ತಂಗೀನ ಅವರ ಅಂಗಡಿಗೆ ಕರ್ಕೊಂಡು ಬಂದಿದ್ದೆ. ಆ ಕಾಲನ್ನ ಮಗು ಥರ ಹಿಡ್ಕೊಂಡು ಅಳತೆ ತಗೊಂಡ್ರು." ಆ ತಂಗಿಯ ಎಡಪಾದದ ಗೆರೆ ಗಂಡ ತಪ್ಪಾಗಿ ಎಳೆದದ್ದು, ತಾನು ಮೂರು ಸಲ ಅಟ್ಟೆ ಬಿಚ್ಚಿ ಕಟ್ಟಿದ್ದು ಅವಳಿಗೆ ನಿನ್ನೆ ಮೊನ್ನೆ ಆದಂತೆ ನೆನಪಿತ್ತು. ಅಷ್ಟರಲ್ಲಿ ಡಾಕ್ಟರು ಗೋಡೆಯ ಕಡೆ ತಿರುಗಿದರು.

"ಏನ್ ಮಾಸ್ಟರ್? ಬೂಟು ಮಾಡ್ತಿದ್ದಿದ್ದು ಇವರೇನಾ? ಬಾಯಿ ಬೇಡ, ತಲೆ ಅಲ್ಲಾಡಿಸಿ ಸಾಕು."

ಆಗ ಅವಳೂ ತಿರುಗಿ ನೋಡಿದಳು. ಪ್ರಶ್ನೆ ಅವನಿಗೆ ಅರ್ಥವಾಗಿತ್ತು, ಅದು ಅವನ ಕಣ್ಣಲ್ಲೇ ಕಾಣುತ್ತಿತ್ತು. ಅವನು ಡಾಕ್ಟರನ್ನು ನೋಡಿದ, ತನ್ನ ಏಪ್ರನ್ ನೋಡಿಕೊಂಡ. ಆಮೇಲೆ ತಲೆಯನ್ನು ಅಡ್ಡಡ್ಡ ಆಡಿಸಿದ. ಒಂದು ಸಲ ಅಲ್ಲ, ಎರಡು ಸಲ.

ಗುಮಾಸ್ತ ಕಾಗದದಲ್ಲಿ ಮುಖ ಹುದುಗಿಸಿದ. ಅಧಿಕಾರಿಣಿ ಕನಿಕರದಿಂದ ನೋಡಿದಳು. ಆ ಕನಿಕರ ಸುಳ್ಳು ಹೇಳಿ ಸಿಕ್ಕಿಬಿದ್ದವರಿಗೆ ಸಲ್ಲುವಂಥದ್ದು.

"ಇರ್ಲಿ ಅಮ್ಮ, ಕಷ್ಟ ಬಂದಾಗ ಮನುಷ್ಯ ಏನೇನೋ ಹೇಳ್ತಾನೆ" ಎಂದರು ಡಾಕ್ಟರು. "ನಾವು ಮಾಸ್ಟರನ್ನ ಕೈ ಬಿಡಲ್ಲ. ಕೆಲಸ ಅವರ ಹೆಸರಿಗೇ ಬರ್ಕೊಳ್ತೀವಿ. ಅವರು ಕೂತ್ಕೊಂಡು ಸನ್ನೆ ಮಾಡಿ ತೋರಿಸ್ಲಿ, ನೀವು ಹಾಗೇ ಹೊಲೀರಿ. ಆಗ್ಬಹುದಾ?"

ಅವಳ ಚೀಲದಲ್ಲಿ, ತೋರಿಸಲೆಂದು ತಂದ, ಗಿರಾಕಿಯೊಬ್ಬರ ಎರಡೂ ಪಾದಗಳ ಗೆರೆ ಎಳೆದ ಕಾಗದಗಳಿದ್ದವು. ತೆಗೆದು ಅವನ ತೊಡೆಯ ಮೇಲಿಟ್ಟು, ಇದರಲ್ಲಿ ಗಿಡ್ಡ ಕಾಲು ಯಾವುದು ತೋರಿಸ್ರೀ ಎಂದರೆ ಸಾಕಿತ್ತು. ಅವನಿಗೆ ಗೊತ್ತಾಗುತ್ತಿರಲಿಲ್ಲ. ಆ ಕೋಣೆಯಲ್ಲಿದ್ದವರಿಗೆಲ್ಲ ಒಂದೇ ಗಳಿಗೆಯಲ್ಲಿ ಗೊತ್ತಾಗುತ್ತಿತ್ತು. ಅವಳ ಕೈ ಚೀಲದ ಬಾಯಿಯವರೆಗೂ ಹೋಯಿತು. ಅವನು ಆ ಕೈಯನ್ನೇ ನೋಡುತ್ತಿದ್ದ, ಹಣೆಯಲ್ಲಿ ಬೆವರೊಡೆದಿತ್ತು. ಪೆಟ್ಟು ಬೀಳುತ್ತದೆಂದು ಕಾಯುವ ಮುಖ ಅದು. ಅವಳು ಚೀಲದ ಜಿಪ್ ಎಳೆದು ಮುಚ್ಚಿದಳು.

"ಬರೀರಿ ಸಾರ್. ಅವರ ಹೆಸರಿಗೇ ಬರೀರಿ."

ಗುಮಾಸ್ತ ಅವನ ಎಡಗೈಯ ಹೆಬ್ಬೆಟ್ಟು ಒತ್ತಿಸಿಕೊಂಡ. ಡಾಕ್ಟರು ಎದ್ದುಬಂದು ಅವನ ಭುಜ ತಟ್ಟಿದರು.

ಹೊರಗೆ ಬಿಸಿಲು ಸುಡುತ್ತಿತ್ತು. ಆಸ್ಪತ್ರೆಯ ಗೇಟು ದಾಟಿ, ಔಷಧಿ ಅಂಗಡಿಗಳ ಸಾಲು ದಾಟಿ, ಅವಳು ಕುರ್ಚಿ ತಳ್ಳಿದಳು. ಬಸ್ ನಿಲ್ದಾಣದ ನೆರಳಿಗೆ ಬಂದ ಮೇಲೆ ಎದುರಿಗೆ ಬಂದು ನಿಂತು ಕೇಳಿದಳು.

"ಇಪ್ಪತ್ತೆರಡು ವರ್ಷ ನಾನು ಸುಳ್ಳು ಹೇಳಿದ್ದು ನಮ್ಮಿಬ್ಬರ ಅನ್ನಕ್ಕೆ ರೀ. ಇವತ್ತು ನೀವು ಹೇಳಿದ್ದು ಯಾತಕ್ಕೆ?"

ಉತ್ತರ ಹೇಳಲಾರದವನನ್ನು ಹೀಗೆ ಕೇಳುವುದು ನ್ಯಾಯವಲ್ಲವೆಂದು ಅವಳಿಗೆ ಗೊತ್ತಿತ್ತು. ಇವತ್ತು ನ್ಯಾಯ ನೋಡುವಷ್ಟು ತಾಳ್ಮೆ ಉಳಿದಿರಲಿಲ್ಲ. ಅವನು ತಲೆ ತಗ್ಗಿಸಿ ಎಡಗೈಯನ್ನು ಅವಳ ಕೈ ಮೇಲಿಟ್ಟ. ಅವಳು ಕೈ ಎಳೆದುಕೊಂಡಳು.

ಆಗ ಫೋನ್ ಬಂತು. ಮಗಳು.

"ಏನಾಯ್ತಮ್ಮ? ಬೆಳಿಗ್ಗೆಯಿಂದ ನಂಗೆ ಕೆಲಸಾನೇ ಓಡ್ತಿಲ್ಲ."

"ಸಿಕ್ತು."

"ಸಿಕ್ತಾ! ಅಯ್ಯೋ ಅಮ್ಮಾ! ಮೂರೂ ಹೇಳಿದ್ಯಾ? ಎರಡನೇದು?"

"ಹೇಳ್ದೆ."

"ನಂಬಿದ್ರಾ?"

ಅವಳು ಗಂಡನನ್ನು ನೋಡಿದಳು. "ನಿಮ್ಮಪ್ಪನ್ನ ಕೇಳು" ಎಂದು ಫೋನನ್ನು ಅವನ ಕಿವಿಗೆ ಹಿಡಿದಳು.

"ಅಪ್ಪಾ?" ಮಗಳ ದನಿ ಸಂತೋಷದಲ್ಲಿ ಅಷ್ಟು ದೂರದಿಂದಲೂ ಹೊರಗೆ ಕೇಳುತ್ತಿತ್ತು. "ಅಪ್ಪಾ, ನೀವಲ್ಲೇ ಇದ್ರಲ್ಲ? ಅಮ್ಮ ಹೇಗ್ ಹೇಳಿದ್ಲು ಅಪ್ಪಾ? ನಿಮಗೆ ಬೇಜಾರಾಗುತ್ತೆ ಅಂತ ಬಚ್ಚಲಲ್ಲಿ ನಿಂತು ಕಲೀತಿದ್ಲು, ಗೊತ್ತಾ?"

ಮಾಸ್ಟರ ಬಾಯಿ ತೆರೆಯಿತು, ಗಂಟಲಿನಿಂದ ಒಂದು ಶಬ್ದ ಬಂತು, ಅದು ಮಾತಾಗಲಿಲ್ಲ. ಎಡಗೈಯಿಂದ ಫೋನನ್ನು ಆಚೆ ಸರಿಸಲು ನೋಡಿದ.

ಅವಳು ತೆಗೆಯಲಿಲ್ಲ.